ಐವತ್ತೆಂಟನೆಯ ದಿನ

"ಏ ಲಾಲಪ್ಪ, ಬುಟ್ಟಿ ಇಳಸೋ, ಕುತ್ತಿಗಿ ಮುರೀಲಿಕತ್ತದ!"

ಮರಾಠಿ ಸೀಮೆಯ ನಿಗಡಿಯಲ್ಲಿ, ಆ ಅರ್ಧ ಎದ್ದ ಕಟ್ಟಡದ ಕೆಳಗೆ ಬಾಲಗೃಹದ ಕಾರ್ಯಕರ್ತೆ ಸುಮಂಗಲಾ ನಿಂತಲ್ಲೇ ನಿಂತಳು. ಅಚ್ಚ ಕನ್ನಡದಲ್ಲಿ ಕೂಗಿದವಳು ಸಕ್ಕುಬಾಯಿ. ಎರಡು ತಿಂಗಳ ಹಿಂದೆ, ಮೂರು ವರ್ಷದ ಮಗಳು ಭಾಗ್ಯಾಳನ್ನು ಬಾಲಗೃಹಕ್ಕೆ ಒಪ್ಪಿಸುವ ಕಾಗದಕ್ಕೆ ಸುಮಂಗಲಾಳ ಎದುರೇ ಹೆಬ್ಬೆಟ್ಟು ಒತ್ತಿದ್ದವಳು. ಅಂದು ಸುಮಂಗಲಾ ಕಾಗದವನ್ನು ಮರಾಠಿಯಲ್ಲಿ ಓದಿ ಹೇಳಿದ್ದಳು. ಕೇಳಿದ್ದಕ್ಕೆಲ್ಲ ಜೊತೆಗೆ ಬಂದಿದ್ದ, ಕೂಲಿಯಾಳುಗಳ ಮೇಲಿನ ಮುಕಾದಮನೇ ಉತ್ತರ ಕೊಟ್ಟಿದ್ದ. ಊರು ಸೊಲ್ಲಾಪುರ ಎಂದು ಬರೆಸಿದವನೂ ಅವನೇ. ಹೆಂಗಸು ಮರಾಠಿಯಲ್ಲಿ ಹೌದೆನ್ನುವಂತೆ ಮೂರು ಸಲ 'ಹೋ' ಅಂದಿದ್ದಳು, ಅಷ್ಟೇ.

ಧಾರವಾಡದಲ್ಲಿ ಹುಟ್ಟಿ ಬೆಳೆದ ತಾನು ಒಂದು ಮಾತು ಕನ್ನಡದಲ್ಲಿ ಕೇಳಲಿಲ್ಲವಲ್ಲ!

ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಅರವತ್ತು ದಿನ ಇರುತ್ತದೆ. ಇವತ್ತು ಐವತ್ತೆಂಟು. 'ಬದಲಾಗಿಲ್ಲ' ಎಂದು ಬರೆದುಕೊಂಡು ಹೋದರೆ ಕೋಥರೂಡದ ಕೇದಾರ, ಪೂರ್ವಾ ದಂಪತಿಗಳು ಭಾಗ್ಯಾಳನ್ನು ದತ್ತು ತೆಗೆದುಕೊಳ್ಳುವವರಿದ್ದರು. ಪುಟ್ಟ ಮಂಚವನ್ನೂ ಕೊಂಡಿಟ್ಟಿದ್ದರು.

"ನಿಮ್ಮೂರು ಯಾವುದವ್ವಾ?"

ಸಕ್ಕುಬಾಯಿ ತಿರುಗಿ ನೋಡಿದಳು. "ಸೇಡಂ ಕಡೀರಿ. ಅಯ್ಯ, ನೀವು ನಮ್ಮ ಮಾತು ಆಡ್ತೀರೇನ್ರಿ ಬಾಯಾರ? ನನ್ನ ಕೂಸು ಹ್ಯಾಂಗದ್ರಿ? ದೀಪಾವಳಿ ಸೂಟಿಗಿ ಕಳಸ್ತೀರಿಲ್ರಿ?"

"ಸೂಟಿ?"

"ಸಾಲಿ ಸೂಟೀರಿ. ಆಕಿ ಅಪ್ಪ ಸತ್ತ ಮ್ಯಾಲ, ಕೂಸಿನ ಕಟ್ಕೊಂಡು ಬುಟ್ಟಿ ಹ್ಯಾಂಗ ಹೊರ್ತಿ, ಸಾಲ್ಯಾಗ ಇಟ್ಕೋತಾರ, ಏನ್ ಕೇಳಿದ್ರೂ 'ಹೋ' ಅನ್ನು ಅಂತ ಮುಕಾದಮ ಹೇಳಿದ."

ಸುಮಂಗಲಾ ಇಟ್ಟಿಗೆಯ ರಾಶಿಯ ಮೇಲೆ ಕುಳಿತು ಫೈಲು ಬಿಚ್ಚಿದಳು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು. 'ಇನ್ನು ಮುಂದೆ ಮಗುವಿನ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ' ಎಂಬಲ್ಲಿಗೆ ಬಂದಾಗ ಸಕ್ಕುಬಾಯಿ ನೆಲಕ್ಕೆ ಕುಕ್ಕರಿಸಿದಳು.

"ನಾ ಹಿಂಗ ಅಂದೀನೇನ್ರಿ?"

"ನೀ ಅಂದಿಲ್ಲವ್ವಾ. ನಾ ಸರಿಯಾಗಿ ಕೇಳ್ಲಿಲ್ಲ."

ಬಾಲಗೃಹದ ಅಧೀಕ್ಷಕ ಮೋಹನದಾಸ್ ಸಂಜೆ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಕೆಯ ಶೆಡ್ಡಿಗೆ ಬಾಗಿಲಾದರೂ ಇದೆಯೇ?"

"ಇಲ್ಲ. ಗೋಣಿತಟ್ಟು ಇದೆ."

"ತಪ್ಪು ಯಾರದು ಅಂತ ವರದಿಯಲ್ಲಿ ಬರೀತೀರಿ?"

"ನನ್ನದು ಅಂತ."

ಹಾಗೆಯೇ ಬರೆದಳು. ಹಳೆಯ ಕಾಗದ ರದ್ದಾಯಿತು. ಬಾಗಿಲಿರುವ ಒಂದು ಖೋಲಿಯೂ, ಹಗಲು ಕೂಸನ್ನು ನೋಡಿಕೊಳ್ಳುವ ಬಾಲವಾಡಿಯೂ ಸಿಗುವ ತನಕ ಭಾಗ್ಯಾ ಇಲ್ಲೇ ಇರುವುದು, ತಾಯಿ ವಾರಕ್ಕೊಮ್ಮೆ ಬರುವುದು ಎಂದಾಯಿತು. ಕೋಥರೂಡಕ್ಕೆ ಸುಮಂಗಲಾಳೇ ಫೋನ್ ಮಾಡಿದಳು. ಮಾತು ಮುಗಿಯುವ ಮೊದಲೇ ಪೂರ್ವಾ ಫೋನ್ ಇಟ್ಟುಬಿಟ್ಟಳು.

ರವಿವಾರ ಸಕ್ಕುಬಾಯಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಳು. ಹೊಸ ಫ್ರಾಕಿನ ಭಾಗ್ಯಾ ಕಂಬದ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ಒಂದು ಮಾರು ದೂರದಲ್ಲಿ ಕುಳಿತಳು. ಸಕ್ಕುಬಾಯಿ ಬಾಳೆಹಣ್ಣು ಸುಲಿದು ಕೊಟ್ಟಳು. "ತಿನ್ನು ನಮ್ಮವ್ವಾ."

ಕೂಸು ತಿನ್ನಲಿಲ್ಲ. ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು, ಕೈ ಮುಗಿದು, ಕಣ್ಣು ಮುಚ್ಚಿ, ಬಾಲಗೃಹದಲ್ಲಿ ಊಟಕ್ಕೆ ಮೊದಲು ಎಲ್ಲ ಮಕ್ಕಳೂ ಹೇಳುವ ಮರಾಠಿ ಪ್ರಾರ್ಥನೆಯನ್ನು ತೊದಲುತ್ತ ಶುರು ಮಾಡಿತು.

ಸಕ್ಕುಬಾಯಿ ಒಮ್ಮೆ ಸುಮಂಗಲಾಳ ಮುಖ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತಾನೂ ಕೈ ಮುಗಿದಳು, ಕಣ್ಣು ಮುಚ್ಚಿದಳು.