ಪೂವಮ್ಮನಿಗೆ ಅರ್ಥವಾಗುವ ಹಾಡು

ಬಣ್ಣ ಹಚ್ಚಿಕೊಂಡ ಹಾಸ್ಯಗಾರ ಸಂಕಪ್ಪ ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಬಂದದ್ದನ್ನು ಕಂಡು ನಾಟಕ ಕಂಪೆನಿಗೆ ಹಾಡು ಬರೆಯುವ ರುಕ್ಮಯ್ಯ ಕೇಳಿದ.

"ಇದೆಂತಕ್ಕೆ ಕೋಳಿ?"

"ನಿಮ್ಮ ತುಳು ಪದ ನನ್ನ ಪಾಲಿಗೆ ಬಂತು ಮಾಷ್ಟ್ರೇ. ಕಳೆದುಹೋದ ಕೋಳಿ ಹುಡುಕುವ ಸೀನು. ಕೋಳಿ ಕಂಕುಳಲ್ಲೇ ಉಂಟು, ನಾನು ಊರೆಲ್ಲ ಹುಡುಕುವುದು!"

ರುಕ್ಮಯ್ಯ ಕಂಪೆನಿಯ ಯಜಮಾನ ಧರ್ಣಪ್ಪನ ಬಳಿಗೆ ಓಡಿದ. "ಅದು ಮಗು ಕಳಕೊಂಡ ರಾಣಿ ಹಾಡುವ ಪದ. ಅವಳಿಗೇ ಕೊಡಿ ಧಣಿಗಳೇ."

"ರಾಣಿ ತುಳು ಮಾತಾಡ್ತಾಳಾ ಮಾರಾಯ? ನಾಟಕದಲ್ಲಿ ತುಳು ಅಂದ್ರೆ ಹಾಸ್ಯಕ್ಕೆ. ರಾಗ ಒಳ್ಳೆದುಂಟು, ಬಿಡುವುದ್ಯಾಕೆ?"

ರುಕ್ಮಯ್ಯ ಅದುವರೆಗೆ ಬರೆದದ್ದೆಲ್ಲ ಕನ್ನಡವೇ. ಬಂಟ್ವಾಳ, ವೇಣೂರು, ಟೆಂಟು ಎಲ್ಲಿ ನಿಂತರೂ ಅವನ ಪದಗಳಿಗೆ ಒನ್ಸ್ ಮೋರ್ ಬೀಳುತ್ತಿತ್ತು. ಲಾಯಿಲದ ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿ ಪೂವಮ್ಮನಿಗೆ ಮಾತ್ರ ಒಂದಕ್ಷರವೂ ತಿಳಿಯದು. ಅವಳಿಗೆ ಗೊತ್ತಿದ್ದದ್ದು ತುಳು ಒಂದೇ. "ನಿಮ್ಮ ಪದ ಊರಿಗೆಲ್ಲ ಅರ್ಥ ಆಗ್ತದೆ, ನನಗೊಬ್ಬಳಿಗಿಲ್ಲ" ಎಂದು ತುಳುವಿನಲ್ಲೇ ತಮಾಷೆ ಮಾಡುತ್ತಿದ್ದಳು. ಮಗಳು ಕುಸುಮ ಜ್ವರದಲ್ಲಿ ತೀರಿಕೊಂಡ ಮೇಲೆ ತಮಾಷೆಯೂ ನಿಂತಿತು. ಪೂವಮ್ಮ ಅಳಲೂ ಇಲ್ಲ, ಬೀಡಿಗೆ ನೂಲು ಸುತ್ತುತ್ತ ಕೂತಳು, ಅಷ್ಟೆ.

ಅದಕ್ಕೇ ಅವನು ಈ ಪದ ಕಟ್ಟಿದ್ದು. 'ಒಡೆಗ್ ಪೋಯ ಮಗಾ', ಎಲ್ಲಿಗೆ ಹೋದೆ ಮಗೂ ಎಂದು. ಕಂಪೆನಿಯವರಿಗೆ ಹಾಡಿ ತೋರಿಸಿ, ಊರಿಗೆ ಹೋಗಿ, "ಮೂಡಬಿದ್ರೆಯ ನಾಟಕಕ್ಕೆ ಬಾ, ಈ ಸಲದ ಪದ ನಿನಗೆ ಅರ್ಥ ಆಗ್ತದೆ" ಎಂದು ಅವಳನ್ನು ಕರೆತಂದಿದ್ದ. ಈಗ ಅವಳು ಹೆಂಗಸರ ಬದಿಯಲ್ಲಿ ಮುಂದೆಯೇ ಕೂತಿದ್ದಳು.

ನಾಟಕದ ಗಂಟೆ ಹೊಡೆಯಿತು. ಹಾರ್ಮೋನಿಯಂ ನುಡಿಸಬೇಕಾದವನೂ ಅವನೇ.

ಸಂಕಪ್ಪ ಕುರ್ಚಿಯಡಿಗೆ ಬಗ್ಗಿ, ಸೊಂಟ ಕುಣಿಸಿ, "ಒಡೆಗ್ ಪೋಯ ಮಗಾ" ಎಂದು ಎಳೆದ. ಕಂಕುಳಿನ ಕೋಳಿ ಕೊಕ್ಕೋ ಎಂದಿತು. ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಕ್ಕಿತು.

"ಒನ್ಸ್ ಮೋರ್! ಸಂಕಪ್ಪಣ್ಣ, ಒನ್ಸ್ ಮೋರ್!"

ರುಕ್ಮಯ್ಯನ ಬೆರಳು ನಿಂತಿತು.

"ನುಡಿಸು ಮಾರಾಯ!" ಪರದೆಯ ಹಿಂದಿನಿಂದ ಧರ್ಣಪ್ಪ ಗದರಿದ. ರುಕ್ಮಯ್ಯ ನುಡಿಸಿದ. ಸಂಕಪ್ಪ ಮತ್ತೊಮ್ಮೆ ಹಾಡಿ, ಕೊನೆಗೆ ಕಂಕುಳಲ್ಲೇ ಕೋಳಿ ಕಂಡು ಹಾರಿ ಬಿದ್ದ.

ಗ್ಯಾಸ್‌ಲೈಟಿನ ಬೆಳಕಿನಲ್ಲಿ ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟು ನಗುತ್ತಿದ್ದರು. ಪೂವಮ್ಮನೂ ಸೆರಗು ಬಾಯಿಗಿಟ್ಟಿದ್ದಳು. ಅವಳ ಹೆಗಲು ಕುಲುಕುತ್ತಿತ್ತು. ಪಕ್ಕದವಳು, ಇವಳೂ ನಗುತ್ತಿದ್ದಾಳೆಂದುಕೊಂಡು, ಅವಳ ತೊಡೆಗೆ ತಟ್ಟಿದಳು.

ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಮನೆಗೆ ಹೊರಟರು. ದಾರಿಯಲ್ಲಿ ಅವನು ಕೇಳಿದ. "ಅರ್ಥ ಆಯ್ತಾ?"

"ಆಯ್ತು." ಅವಳು ಕಿಟಕಿಯಾಚೆ ನೋಡಿದಳು. "ಅವನಿಗೆ ಕೋಳಿಯಾದರೂ ಸಿಕ್ಕಿತು."

ಲಾಯಿಲ ಬರುವವರೆಗೂ ಅವಳ ಬೆರಳುಗಳು, ಎಲೆಯೂ ನೂಲೂ ಇಲ್ಲದೆ, ಮಡಿಲಲ್ಲಿ ಬೀಡಿ ಕಟ್ಟುತ್ತಲೇ ಇದ್ದವು.