ಮೂವತ್ಮೂರನೆಯ ಪುಟ

ನಾನು ಒಂದು ಕಾದಂಬರಿ. ಹೆಸರು ಹೇಳುವುದಿಲ್ಲ, ಹೇಳಿದರೂ ನಿಮಗೆ ಗೊತ್ತಿರಲಾರದು. ಕಾಡಿನಲ್ಲಿ ಬಿದಿರಾಗಿದ್ದೆ, ದಾಂಡೇಲಿಯಲ್ಲಿ ಕಾಗದವಾದೆ, ಗದುಗಿನ ಒಂದು ಚಿಕ್ಕ ಮುದ್ರಣಾಲಯದಲ್ಲಿ ಅಚ್ಚಾಗಿ ಹುಟ್ಟಿದೆ. ಅಚ್ಚಿನ ಮೊಳೆ ಜೋಡಿಸಿದ ಪುಣ್ಯಾತ್ಮ ಹದಿನೇಳನೆಯ ಪುಟದಲ್ಲಿ ಒಂದೇ ಸಾಲನ್ನು ಎರಡು ಸಲ ಜೋಡಿಸಿಬಿಟ್ಟ. ಇಷ್ಟು ವರ್ಷವಾದರೂ ಒಬ್ಬ ಓದುಗನೂ ಅದನ್ನು ದೂರಲಿಲ್ಲ. ಜನ ನನ್ನನ್ನು ಎಷ್ಟು ಗಮನವಿಟ್ಟು ಓದಿದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೂರ ಐವತ್ತೆರಡು ಪುಟ, ಎರಡು ಮದುವೆ, ಒಂದು ರೈಲು ಅಪಘಾತ. ಇದಿಷ್ಟೇ ನನ್ನ ಬಂಡವಾಳ. ಅಗಲಿದ ಇಬ್ಬರು ಕೊನೆಗೆ ಒಂದೇ ಸ್ಟೇಷನ್ನಿನಲ್ಲಿ ಇಳಿದು ಒಬ್ಬರನ್ನೊಬ್ಬರು ಸೇರುತ್ತಾರೆ. ಒಂದು ವಾರಪತ್ರಿಕೆಯವರು ಇದನ್ನು ‘ಅಗ್ಗದ ಸುಖಾಂತ’ ಎಂದು ಬರೆದರು. ಆ ಮಾತು ನನಗೆ ಬಹಳ ದಿನ ನೋಯುತ್ತಿತ್ತು.

ಹುಬ್ಬಳ್ಳಿಯ ಸ್ಟೇಷನ್ ರೋಡಿನ ಒಂದು ಸಂದಿಯಲ್ಲಿ ಶಿವಯೋಗಪ್ಪ ಎಂಬುವವರ ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಅವರು ನನ್ನನ್ನು ಕೊಂಡರು, ದಪ್ಪ ರಟ್ಟು ಕಟ್ಟಿಸಿದರು, ಬೆನ್ನಿಗೆ ನಂಬರು ಅಂಟಿಸಿ ಕಪಾಟಿನಲ್ಲಿಟ್ಟರು. ಗೋಡೆಯ ಮೇಲೆ ಕೆಂಪು ಅಕ್ಷರದ ಫಲಕವಿತ್ತು: ‘ಪುಸ್ತಕದಲ್ಲಿ ಗೀಚಿದವರಿಗೆ ಮುಂದೆ ಪುಸ್ತಕ ಕೊಡಲಾಗುವುದಿಲ್ಲ.’ ಫಲಕ ಇದ್ದದ್ದಕ್ಕೋ ಏನೋ, ಎಲ್ಲರೂ ಕದ್ದು ಗೀಚುತ್ತಿದ್ದರು. ವಾರಕ್ಕೆ ಮೂರು ಕಾದಂಬರಿ ಓದುವವರಿಗೆ ಯಾವುದು ಓದಿದ್ದು, ಯಾವುದು ಓದದ್ದು ಎಂದು ನೆನಪಿರುವುದಾದರೂ ಹೇಗೆ? ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಗುರುತು, ಒಂದು ಪುಟ. ಒಬ್ಬರದು ಎಲೆ, ಒಬ್ಬರದು ತ್ರಿಕೋನ. ಓದಿ ಮುಗಿಸಿದ ಮೇಲೆ ಪೆನ್ಸಿಲಿನಿಂದ ಸಣ್ಣದಾಗಿ ಹಾಕಿಬಿಡುವುದು. ಮತ್ತೊಮ್ಮೆ ಪುಸ್ತಕ ಕೈಗೆ ಬಂದಾಗ ಆ ಪುಟ ತಿರುವಿ ನೋಡುವುದು.

ಮೂವತ್ಮೂರನೆಯ ಪುಟದಲ್ಲಿ ಪುಟ್ಟ ನಕ್ಷತ್ರ ಹಾಕುತ್ತಿದ್ದವರು ಸಿಂಧೂಬಾಯಿ ಗಲಗಲಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್; ಅಲ್ಲಿ ಅವರು ಕೂರುತ್ತಿದ್ದ ಬೋರ್ಡಿನ ನಂಬರು ಮೂವತ್ಮೂರು. ಹಗಲೆಲ್ಲ ಊರವರ ಮಾತಿಗೆ ಮಾತು ಜೋಡಿಸಿ ಮನೆಗೆ ಬಂದರೆ ಅವರೊಡನೆ ಮಾತಾಡಲು ಯಾರೂ ಇರಲಿಲ್ಲ. ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದಿದ್ದ ತಾಯಿಯನ್ನು ಹದಿನಾಲ್ಕು ವರ್ಷ ನೋಡಿಕೊಂಡು, ತಾಯಿ ಹೋದ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಉಳಿದಿದ್ದರು. ನನ್ನನ್ನು ಮೂರೇ ದಿನದಲ್ಲಿ ಓದಿ ನಕ್ಷತ್ರ ಹಾಕಿ ಮರಳಿಸಿದರು.

ಒಂದು ವರ್ಷ, ಬೇರೆ ಪುಸ್ತಕಗಳಲ್ಲಿ ಅವರ ನಕ್ಷತ್ರದ ಪಕ್ಕದಲ್ಲಿ ಇನ್ನೊಂದು ಗುರುತು ಕಾಣಿಸಿಕೊಂಡಿತು. ಎರಡು ಉದ್ದ ಗೆರೆ, ಅಡ್ಡಕ್ಕೆ ಮೂರು ಚಿಕ್ಕ ಗೆರೆ. ರೈಲು ಹಳಿ. ಮೊದಲು ಒಂದರಲ್ಲಿ, ಆಮೇಲೆ ನಾಲ್ಕರಲ್ಲಿ, ಆಮೇಲೆ ಲೆಕ್ಕವಿಲ್ಲ. ಕೆಲವು ಪುಸ್ತಕಗಳಲ್ಲಿ ಹಳಿಯೇ ಮೊದಲು ಬಂದು ನಕ್ಷತ್ರಕ್ಕೆ ಜಾಗ ಬಿಟ್ಟು ಕಾದಿರುತ್ತಿತ್ತು. ಸಿಂಧೂಬಾಯಿ ಅಂಗಡಿಗೆ ಬಂದರೆ ಹೆಸರು ನೋಡುತ್ತಿರಲಿಲ್ಲ, ಬರೆದವರು ಯಾರೆಂದು ನೋಡುತ್ತಿರಲಿಲ್ಲ. ನೇರ ಆ ಪುಟ ತಿರುವಿ, ಹಳಿ ಕಂಡರೆ ಎತ್ತಿಕೊಂಡು ನಡೆಯುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು. ಯಾರದು ಎಂದು ಕೇಳಲು ಮಾತ್ರ ಬಾಯಿ ಬರಲಿಲ್ಲ. ಕೇಳಿದರೆ ತಾವೂ ಗೀಚಿದ್ದನ್ನು ಒಪ್ಪಿಕೊಳ್ಳಬೇಕಲ್ಲ!

ಅದು ಯಾರದೆಂದು ಕಪಾಟಿನ ಪುಸ್ತಕಗಳಿಗೆಲ್ಲ ಗೊತ್ತಿತ್ತು. ಫಕೀರಪ್ಪ, ಮಾಲುಗಾಡಿಯ ಗಾರ್ಡ್. ಅವರ ಕೈಯಿಂದ ಬಂದ ಪುಸ್ತಕಗಳು ಡೀಸೆಲ್ ವಾಸನೆ ಹೊತ್ತು ಬಂದು ಸುದ್ದಿ ಹೇಳುತ್ತಿದ್ದವು. ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಲೋಂಡಾ ದಾರಿಯಲ್ಲಿ ಸಿಗ್ನಲ್ ಸಿಗದೆ ಗಾಡಿ ನಿಂತರೆ, ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಓದುತ್ತಿದ್ದರಂತೆ. ಅವರೂ ನಕ್ಷತ್ರವಿದ್ದ ಪುಸ್ತಕವನ್ನೇ ಹುಡುಕಿ ಒಯ್ಯುತ್ತಿದ್ದರು. ಸಿಂಧೂಬಾಯಿ ಬರುತ್ತಿದ್ದದ್ದು ಬುಧವಾರ, ಫಕೀರಪ್ಪ ಬರುತ್ತಿದ್ದದ್ದು ಡ್ಯೂಟಿ ಮುಗಿದಾಗ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ನಮಗೆ ಎಲ್ಲ ಗೊತ್ತಿತ್ತು, ಹೇಳುವ ಬಾಯಿ ಇರಲಿಲ್ಲ. ಪುಸ್ತಕದ ಹಣೆಬರಹವೇ ಇಷ್ಟು. ತನ್ನಲ್ಲಿ ಅಚ್ಚಾದದ್ದನ್ನು ಬಿಟ್ಟು ಒಂದು ಮಾತು ಹೆಚ್ಚಿಗೆ ಆಡಲಾರದು.

ನಕ್ಷತ್ರವಿದ್ದ ಬೇರೆ ಪುಸ್ತಕಗಳೆಲ್ಲ ಮುಗಿದ ಮೇಲೆ ಫಕೀರಪ್ಪನವರು ನನ್ನನ್ನು ಒಯ್ದರು. ಆಗ ಅವರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ರೈಲು ಅಪಘಾತದ ಅಧ್ಯಾಯ ಬಂದಾಗ ಹೊಟ್ಟೆ ಹಿಡಿದು ನಕ್ಕರು. “ಹಿಂಗ ಯಾವ ಗಾಡೀನೂ ಹಳಿ ತಪ್ಪೂದಿಲ್ಲೋ ಮಾರಾಯಾ,” ಎಂದು ನನಗೇ ಹೇಳಿದರು. ಆದರೂ ಬಿಡದೆ ಓದಿದರು. ಇನ್ನೂರ ಹನ್ನೆರಡನೆಯ ಪುಟಕ್ಕೆ ಬಂದಾಗ ಎದೆ ಹಿಡಿದುಕೊಂಡು, ಪುಟದ ಮೂಲೆ ಮಡಚಿ ನನ್ನನ್ನು ಕಿಟಕಿಯಲ್ಲಿಟ್ಟರು. ಮತ್ತೆ ತೆಗೆಯಲಿಲ್ಲ. ಹನ್ನೊಂದು ದಿನದ ಮೇಲೆ ಪಕ್ಕದ ಮನೆಯವರು ನನ್ನನ್ನು ಅಂಗಡಿಗೆ ಮುಟ್ಟಿಸಿದರು. ನನ್ನ ಮೂವತ್ಮೂರನೆಯ ಪುಟದಲ್ಲಿ ನಕ್ಷತ್ರ ಒಂದೇ ಉಳಿಯಿತು.

ಅದಾಗಿ ವರ್ಷ ಕಳೆಯಿತು. ಸಿಂಧೂಬಾಯಿಯವರ ಕಣ್ಣು ಕೆಟ್ಟಿತು. ನೋಟದ ನಟ್ಟನಡುವೆ ಒಂದು ಮಬ್ಬು ಕೂತುಬಿಟ್ಟಿತು. ಕನ್ನಡಕದಿಂದ ಸರಿಹೋಗುವಂಥದಲ್ಲ ಎಂದರು ಡಾಕ್ಟರು. ಭೂತಗನ್ನಡಿ ಹಿಡಿದು ಒಂದು ಪುಟಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುವಂತಾಯಿತು. ಒಂದು ಭಾನುವಾರ ಬೆಳಗಾವಿಯಿಂದ ಅಣ್ಣನ ಮಗಳು ವೈಜಯಂತಿ ಬಂದು ತನ್ನ ಇ-ರೀಡರ್ ತೋರಿಸಿದಳಂತೆ. ಆಗ ಮೇಜಿನ ಮೇಲಿದ್ದ ಒಂದು ಪತ್ತೇದಾರಿ ಕಾದಂಬರಿ ಎಲ್ಲವನ್ನೂ ಕೇಳಿಸಿಕೊಂಡು ಬಂದು ನನಗೆ ಹೇಳಿತು. ಪತ್ತೇದಾರಿ ಪುಸ್ತಕಗಳು ಏನನ್ನೂ ಬಿಡುವುದಿಲ್ಲ.

“ಅತ್ಯಾ, ಅಕ್ಷರ ಬದನೀಕಾಯಿ ಅಷ್ಟು ದೊಡ್ಡದು ಬೇಕಂದ್ರೂ ಆಗ್ತದ, ನೋಡ್ರಿ,” ಎಂದಳು ವೈಜಯಂತಿ.

ಸಿಂಧೂಬಾಯಿ ಓದಿ ನೋಡಿದರು. ಎಷ್ಟೋ ತಿಂಗಳ ಮೇಲೆ ಒಂದು ಪೂರ್ತಿ ಸಾಲು ತಡವರಿಸದೆ ಓದಿದರು. ಆಮೇಲೆ ಕೇಳಿದರು, “ಇದರಾಗ ಮೂವತ್ಮೂರನೇ ಪುಟಾ ಎಲ್ಲ್ಯದ?”

“ಹಂಗ ಪುಟಾ ಅಂತ ಇರಂಗಿಲ್ಲ. ಅಕ್ಷರ ದೊಡ್ಡದು ಮಾಡಿದ್ರ ಪುಟಾನೂ ಬದಲಾಗ್ತಾವ.”

“ಗುರುತು ಹಾಕಬೇಕಂದ್ರ?”

“ಹಾಕಬಹುದು. ಆದ್ರ ಅದು ನಿಮಗಷ್ಟ ಕಾಣ್ತದ.”

“ನನಗಷ್ಟ ಕಂಡ್ರ ಏನು ಮಾಡ್ಲಿ ಅದನ್ನ?” ಎಂದು ಸಿಂಧೂಬಾಯಿ ಅದನ್ನು ತಿರುಗಿ ಕೊಟ್ಟರು. ವೈಜಯಂತಿಗೆ ಅರ್ಥವಾಗಲಿಲ್ಲ. “ಕಣ್ಣು ಇಷ್ಟು ಕೆಟ್ಟಾವ, ಇದನ್ನ ಬಿಟ್ರ ಓದೂದ ಬಿಟ್ಟಂಗ ಅತ್ಯಾ. ವಿಚಾರ ಮಾಡ್ರಿ,” ಎಂದು ಹೇಳಿ ಹೋದಳು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಓದು ಒಂದೇ ಅವರಿಗೆ ಉಳಿದದ್ದು. ಆದರೆ ಆ ಯಂತ್ರ ಹಿಡಿದರೆ ಅಂಗಡಿಗೆ ಬರುವುದು ನಿಲ್ಲುತ್ತದೆ, ಹಳಿಯ ಪಕ್ಕ ನಕ್ಷತ್ರ ಹಾಕುವುದು ನಿಲ್ಲುತ್ತದೆ. ಎಲ್ಲೋ ಒಬ್ಬರು ಪುಟ ತಿರುವಿ ‘ಈ ಸಲ ಯಾಕೆ ಬಂದಿಲ್ಲ?’ ಎಂದುಕೊಂಡಾರು ಎಂಬುದೇ ಅವರ ಸಂಕಟ. ಇನ್ನು ಅಂದುಕೊಳ್ಳುವವರು ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು.

ಬುಧವಾರ ಅವರು ಬಂದಾಗ ಅಂಗಡಿಯಲ್ಲಿ ಪುಸ್ತಕಗಳನ್ನು ಹಗ್ಗದಿಂದ ಕಟ್ಟುತ್ತಿದ್ದರು. “ಕಟ್ಟಡ ಮಾರಿದ್ರು ಬಾಯಾರ. ಸೋಮವಾರ ಬಾಗಲಾ ಹಾಕೂದೈತಿ. ನಿಮಗ ಬೇಕಾದ್ದು ತಗೊಂಡು ಹೋಗ್ರಿ,” ಎಂದರು ಶಿವಯೋಗಪ್ಪ.

ಸಿಂಧೂಬಾಯಿ ಸ್ಟೂಲಿನ ಮೇಲೆ ಕೂತರು. “ಒಂದು ತಪ್ಪು ಒಪ್ಪಿಕೋಬೇಕಾಗೇದ. ನಾನು ನಿಮ್ಮ ಪುಸ್ತಕದಾಗ ಗೀಚೇನಿ,” ಎಂದರು.

“ಗೀಚದವರು ಯಾರದಾರ್ರೀ? ಮೂವತ್ಮೂರನೇ ಪುಟದಾಗಿನ ಚಿಕ್ಕಿ ನಿಮ್ಮದು ಅಂತ ಮೊದಲಿಂದ ಗೊತ್ತೈತಿ ನನಗ.”

“ಹಂಗಾದ್ರ ಅದರ ಬಾಜೂಕ ಹಳಿ… ಅದು ಯಾರದು?”

ಶಿವಯೋಗಪ್ಪ ಕಟ್ಟುತ್ತಿದ್ದ ಹಗ್ಗ ಬಿಟ್ಟರು. “ಗಾರ್ಡ್ ಫಕೀರಪ್ಪನವರದರೀ. ಹ್ವಾದ ವರ್ಷ ಯುಗಾದಿ ಮುಂದ ತೀರಿಕೊಂಡ್ರು.” ಆಮೇಲೆ ಹೇಳಿದರು, “ಅವರೂ ಒಮ್ಮೆ ಕೇಳಿದ್ರು, ಈ ಚಿಕ್ಕಿ ಯಾರದು ಅಂತ. ಹೆಣ್ಣಮಕ್ಕಳ ಹೆಸರು ಹೆಂಗ ಹೇಳೂದು ಅಂತ ನಾ ಹೇಳಲಿಲ್ಲ. ಆತು ಇಪ್ಪತ್ತು ವರ್ಷ.”

“ಕೇಳಿದ್ರಾ?” ಎಂದರು ಸಿಂಧೂಬಾಯಿ. “ಹೇಳಬೇಕಿತ್ತು ನೀವು.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

ಶಿವಯೋಗಪ್ಪ ಕಪಾಟಿನಿಂದ ನನ್ನನ್ನು ಹುಡುಕಿ ತೆಗೆದು ಅವರ ಕೈಗೆ ಕೊಟ್ಟರು. “ಅವರ ಮನೀಂದ ಕಡೀಕ ಬಂದದ್ದು ಇದರೀ. ಮುಗಿಸಿಲ್ಲ ಅವರು.” ಸಿಂಧೂಬಾಯಿಯ ಬೆರಳು ಮಡಚಿದ ಮೂಲೆಯನ್ನು ಮುಟ್ಟಿ ನೋಡಿತು. ಅಲ್ಲಿಂದಲೇ ವೈಜಯಂತಿಗೆ ಫೋನು ಮಾಡಿದರು. “ವೈಜೂ, ಆ ಯಂತ್ರ ತರಸವಾ. ಈಗ ಅಡ್ಡಿ ಏನೂ ಉಳದಿಲ್ಲ.”

ಯಂತ್ರ ಬರುವುದರೊಳಗೆ ಅವರು ನನ್ನನ್ನು ಓದಿದರು. ಇನ್ನೂರ ಹನ್ನೆರಡರಿಂದ ಮುಂದೆ, ನಲವತ್ತು ಪುಟ, ಭೂತಗನ್ನಡಿ ಹಿಡಿದು, ಗಟ್ಟಿಯಾಗಿ. ಬೆಳಗಿನ ಬಿಸಿಲು ಬಾಗಿಲಿಗೆ ಬಂದಾಗ ಕೂತರೆ ಬಿಸಿಲು ಸರಿಯುವವರೆಗೆ. ಒಂಬತ್ತು ದಿನ ಹಿಡಿಯಿತು. ಕೊನೆಯ ಸಾಲು ಮುಗಿದ ಮೇಲೆ ಎದುರಿನ ಖಾಲಿ ಕುರ್ಚಿಯತ್ತ ನೋಡಿ, “ಇಬ್ಬರೂ ಭೆಟ್ಟಿ ಆಗ್ತಾರ್ರೀ, ಗಾರ್ಡ್ ಸಾಹೇಬ್ರ,” ಎಂದರು. ನನ್ನ ಆ ಅಗ್ಗದ ಸುಖಾಂತ ಒಬ್ಬರಿಗಾದರೂ ಬೇಕಾಯಿತಲ್ಲ ಎಂದು ಅಂದು ನನಗೆ ಅಳು ಬಂದಂತಾಯಿತು. ಆಮೇಲೆ ಮೂವತ್ಮೂರನೆಯ ಪುಟ ತೆಗೆದು, ತಮ್ಮ ಹಳೆಯ ನಕ್ಷತ್ರದ ಪಕ್ಕ, ಎರಡು ಉದ್ದ ಗೆರೆ ಎಳೆದರು. ಅಡ್ಡಕ್ಕೆ ಮೂರು ಚಿಕ್ಕವು.

ಈಗ ನನಗೆ ವಯಸ್ಸಾಗಿದೆ. ಹಾಳೆ ಹಳದಿಯಾಗಿದೆ, ಮುಟ್ಟಿದರೆ ಅಂಚು ಉದುರುತ್ತದೆ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಮಲಗಿರುತ್ತೇನೆ, ನನ್ನ ಮೇಲೆ ಆ ಇ-ರೀಡರ್. ಕೆಟ್ಟದ್ದೇನಲ್ಲ, ಪಾಪ, ಹಗುರವಾಗಿದೆ, ಅವರಿಗೆ ಓದನ್ನು ಮರಳಿ ಕೊಟ್ಟಿದೆ. ಅದರಲ್ಲಿ ಒಂದು ಪುಸ್ತಕ ಮುಗಿಸಿದಾಗಲೆಲ್ಲ ಸಿಂಧೂಬಾಯಿ ಅಭ್ಯಾಸದಂತೆ ಪೆನ್ಸಿಲಿಗೆ ತಡಕಾಡುತ್ತಾರೆ. ಯಂತ್ರವನ್ನು ಪಕ್ಕಕ್ಕಿಟ್ಟು ನನ್ನನ್ನು ತೆರೆದು, ಅದೇ ಪುಟದಲ್ಲಿ ಇನ್ನೊಂದು ನಕ್ಷತ್ರ ಹಾಕಿ ಮುಚ್ಚುತ್ತಾರೆ.

ಮೂವತ್ಮೂರನೆಯ ಪುಟದಲ್ಲಿ ಈಗ ಹತ್ತೊಂಬತ್ತು ನಕ್ಷತ್ರಗಳಿವೆ. ಹಳಿ ಮಾತ್ರ ಒಂದೇ ಜೊತೆ.