ಪುಕಟ ಹಗ್ಗ

ಮಳೆರಾಯ ಮುನಿಸಿಕೊಂಡು ಏಳು ಸೀಮೆಯಾಚೆ ಹೋಗಿ ಕೂತಿದ್ದ ಕಾಲವೊಂದಿತ್ತಂತೆ. ಆ ಕಾಲದಲ್ಲಿ ಸಂತಪುರದ ಹೊರಗೇರಿಯಲ್ಲಿ ಹಗ್ಗ ಹೊಸೆಯುವ ಶಾಲುಬಾಯಿ ಇದ್ದಳು. ಊರೊಳಗೆ ಮಡೆಪ್ಪ ಪಾಟೀಲನಿದ್ದ. ರಾಕ್ಷಸರಿಗೆ ಕೋರೆಹಲ್ಲು ಇರುತ್ತದೆಂದು ಅಜ್ಜಿಯರು ಹೇಳುತ್ತಾರೆ. ಪಾಟೀಲನ ಹಲ್ಲು ಚೆನ್ನಾಗಿಯೇ ಇದ್ದವು.

"ಏ ಭೋಸುಡಿ, ಸರಕಾರಕ್ಕ ಹಗ್ಗ ಮಾರ್ತಿ? ನಿಮ್ಮತ್ತಿ, ಆಕಿ ಅತ್ತಿ, ಎಲ್ಲಾರೂ ನಮ್ಮ ಕೊಟಗಿಗಿ ಪುಕಟ ಕೊಟ್ಕೋತ ಬಂದೋರು. ನೀ ಯಾವಾಗ ಸಾವಕಾರ್ತಿ ಆದಿ?"

ಪಾಟೀಲ ಬೈಯುತ್ತಿದ್ದರೂ ಶಾಲುಬಾಯಿ ತಲೆ ಎತ್ತದೆ ಕೊಡತಿಯಿಂದ ಕತ್ತಾಳೆ ಜಜ್ಜುತ್ತಿದ್ದಳು. ರಸ ಹತ್ತಿ ಕೈತುಂಬ ಬೊಬ್ಬೆ ಎದ್ದಿದ್ದವು.

ಔರಾದದ ತಾಲೂಕು ಕಚೇರಿಯಿಂದ ಗುಮಾಸ್ತ ಮಕ್ಸೂದ ಬಂದು ಹೋದದ್ದೇ ಇಷ್ಟಕ್ಕೆಲ್ಲ ಕಾರಣ. ಬರಗಾಲದ ಗೋಶಾಲೆಗೆ ಹಗ್ಗ ಬೇಕಿತ್ತು. ಪಾಟೀಲ ತನ್ನ ಹೆಸರಲ್ಲೊಂದು, ಅಳಿಯನ ಹೆಸರಲ್ಲೊಂದು, ಸತ್ತ ಅಣ್ಣನ ಹೆಸರಲ್ಲೊಂದು ಕೊಟೇಶನ್ ಕೊಟ್ಟಿದ್ದ. ಮಕ್ಸೂದ ಅವನ್ನು ಜೇಬಿಗಿಟ್ಟು, ಕತ್ತಾಳೆ ಜಜ್ಜುವ ಸದ್ದು ಹಿಡಿದು ಹೊರಗೇರಿಗೆ ನಡೆದಿದ್ದ.

"ಸಣ್ಣ ಖರೀದಿಗಿ ಟೆಂಡರ್ ಬೇಕಿಲ್ಲವ್ವ. ಕೈಲೆ ಮಾಡೋರ ಕಡಿಂದನೇ ತಗೋರಿ ಅಂತ ಹುಕುಂ ಬಂದದ. ಶುಕ್ರವಾರ ಮುಟ್ಟಿಸಿದ್ರ ನಿನ್ನ ಹೆಸರೇ ಕಾಯಂ. ತಪ್ಪಿದ್ರ ಪಾಟೀಲಂದು."

"ಮುಟ್ಟಿಸ್ತೇನ್ರಿ ಸಾಹೇಬ್ರ," ಎಂದು ಮಾತು ಕೊಟ್ಟಿದ್ದಳು. ಹೆಸರು ಕಾಯಂ ಆದರೆ, ಪುಣೆಯ ಇಟ್ಟಿಗೆ ಭಟ್ಟಿಗೆ ಗುಳೆ ಹೋದ ಗಂಡ ನರಸಿಂಗನನ್ನು ಮನೆಗೆ ಕರೆಸಬಹುದಿತ್ತು.

ಗುರುವಾರ ಪಾಟೀಲನ ಆಳುಗಳು ಅವಳು ಹೊಸೆದಿಟ್ಟ ಹಗ್ಗವನ್ನೆಲ್ಲ ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಅಡ್ಡ ಬಂದ ಅತ್ತೆ ಶೇವಂತಾಬಾಯಿಯನ್ನು ಕೂದಲು ಹಿಡಿದು ಎಳೆದಾಡಿದರು. ಪಾಟೀಲ ಶಾಲುಬಾಯಿಯ ಎಡಗೈಯನ್ನು ಕಲ್ಲಿನ ಮೇಲಿಡಿಸಿ, ಅವಳದೇ ಕೊಡತಿ ಎತ್ತಿ ಹೊಡೆದ. ಬೆರಳು ಕತ್ತಾಳೆಯಂತೆಯೇ ಸೀಳಿಹೋದವು.

"ಈಗ ಹೊಸಿ, ಸಾವಕಾರ್ತಿ."

ಶುಕ್ರವಾರ ಹಾಡುಹಗಲೇ ಅವಳು ಕುಡುಗೋಲು ಹಿಡಿದು ಪಾಟೀಲನ ಕೊಟ್ಟಿಗೆ ಹೊಕ್ಕಳು. ಅವಳ ಮಂದಿ ಆ ಹೊಸ್ತಿಲು ತುಳಿದದ್ದಿಲ್ಲ. ಹಗ್ಗವನ್ನು ಹೊರಗಿನಿಂದ ಎಸೆದು ಹೋಗಬೇಕಿತ್ತು. ಗೂಟಗಳಿಗೆ ತಲೆಮಾರುಗಳಿಂದ ಪುಕಟ ಕೊಟ್ಟ ಹಗ್ಗದ ಸುರುಳಿಗಳು ಜೋತುಬಿದ್ದಿದ್ದವು. ಅವನ್ನೆಲ್ಲ ಇಳಿಸಿದಳು. ಆಮೇಲೆ ಎತ್ತುಗಳ ಕೊರಳಿನ ಗಂಟುಗಳನ್ನು ಬಲಗೈಯಿಂದ, ಹಲ್ಲಿನಿಂದ ಬಿಚ್ಚಿದಳು. ಎತ್ತುಗಳು ಬಾಗಿಲು ಮುರಿದುಕೊಂಡು ಓಡಿದವು.

ಪಾಟೀಲ ನುಗ್ಗಿ ಬಂದು ಅವಳ ಕುತ್ತಿಗೆ ಅಮುಕಿದ. "ಕಳ್ಳ ರಂಡಿ! ನನ್ನ ಹಗ್ಗ!"

ಕುಡುಗೋಲು ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಇಳಿಯಿತು. ಅವನು ಸಗಣಿಯಲ್ಲಿ ಕುಸಿದು ಕೂಗತೊಡಗಿದ.

"ರೊಕ್ಕ ಕೊಟ್ಟಿದ್ದಿಯೇನೋ ಭಾಡ್ಯಾ? ಕೊಟ್ಟಿದ್ರ ನಿಂದು."

ಗೋಶಾಲೆಯಲ್ಲಿ ಅವಳು ಹಗ್ಗದ ಹೊರೆ ಇಳಿಸಿದಾಗ ಮಕ್ಸೂದ ರಕ್ತ ಕಂಡು ಹಿಂದೆ ಸರಿದ.

"ಇವು ಹಳೀವು ಅದಾವಲ್ಲವ್ವ?"

"ಹಳೀವೇ ಖರೆ. ಆದ್ರ ಮಾರಿದ್ದಲ್ಲರಿ. ನಮ್ಮ ಮನಿ ಹಗ್ಗಕ್ಕ ಇವತ್ತೇ ಬೋಣಿ. ಜಗ್ಗಿ ನೋಡ್ರಿ."

ಅವನು ಜಗ್ಗಿದ. ಹಗ್ಗ ಹರಿಯಲಿಲ್ಲ. ರಸ್ತೆಯ ಕಡೆಯಿಂದ ಬಡಿಗೆ ಹಿಡಿದ ಪಾಟೀಲನ ಆಳುಗಳ ಗದ್ದಲ ಹತ್ತಿರವಾಗುತ್ತಿತ್ತು.

"ಹೋಗವ್ವ, ಓಡು! ಹೊಡದು ಹಾಕ್ತಾರ!"

"ಮುಟ್ಟಿದವು ಅಂತ ಮದಲ ಬರಕೊಡ್ರಿ."

ಮಕ್ಸೂದ ಅವಳ ಹೆಸರು ಬರೆದು ರಸೀದಿ ಹರಿದುಕೊಟ್ಟ. ಅವಳು ಅದನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಬಲಗೈಗೆ ಕುಡುಗೋಲು ತೆಗೆದುಕೊಂಡು ರಸ್ತೆಯತ್ತ ತಿರುಗಿ ನಿಂತಳು.